ಮೊಮ್ಮಗ ಮೊದಲು, ಅಜ್ಜ ಆಮೇಲೆ

ಕಥೆ ಕೇಳುವ ಮಕ್ಕಳ ನಾಲಗೆಯ ತುದಿಯಲ್ಲಿ ಸದಾ ಎರಡು ಪ್ರಶ್ನೆಗಳಿರುತ್ತವೆ. ಒಂದು, ‘ಮುಂದೇನಾಯಿತು?’ ಇನ್ನೊಂದು, ‘ಅದಕ್ಕೂ ಮುಂಚೆ ಏನಿತ್ತು?’ ಮೊದಲ ಪ್ರಶ್ನೆಗೆ ಹೇಗೋ ಉತ್ತರ ಹೊಂದಿಸಬಹುದು. ರಾಜ ಸತ್ತರೆ ರಾಜನ ಮಗನನ್ನು ಕುದುರೆ ಹತ್ತಿಸಿದರಾಯಿತು. ಎರಡನೆಯದಕ್ಕೆ ಮಾತ್ರ ಅಜ್ಜಿಯೂ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಏಕೆಂದರೆ ಮುಂದೆ ಏನಾಯಿತೆಂದು ಆಕೆ ಆಗಲೇ ಹೇಳಿಬಿಟ್ಟಿದ್ದಾಳೆ. ಅದು ಕೆಡದಂತೆ ಹಿಂದಿನದನ್ನು ಕಟ್ಟಬೇಕು.

ಕನ್ನಡಕ್ಕೆ ಇದು ಹೊಸದಲ್ಲ. ಪಂಪನ ಆದಿಪುರಾಣವನ್ನು (ಕ್ರಿ.ಶ. 941) ಓದಲು ಕುಳಿತವರು ಆದಿನಾಥನ ಜನನಕ್ಕಾಗಿ ಬಹಳ ಹೊತ್ತು ಕಾಯಬೇಕು. ಕವಿ ಮೊದಲು ಲಲಿತಾಂಗ-ಸ್ವಯಂಪ್ರಭೆಯರ ಕಥೆ ಹೇಳುತ್ತಾನೆ, ಆಮೇಲೆ ವಜ್ರಜಂಘ-ಶ್ರೀಮತಿಯರದು. ಇವೆಲ್ಲ ಆ ಮಹಾಪುರುಷನ ಹಿಂದಿನ ಜನ್ಮಗಳು. ಪಂಡಿತರು ಇದನ್ನು ‘ಭವಾವಳಿ’ ಎನ್ನುತ್ತಾರೆ. ನೀಲಾಂಜನೆಯ ನೃತ್ಯವನ್ನು ಬಿಟ್ಟರೆ ರಸಿಕರು ಆ ಕಾವ್ಯದಲ್ಲಿ ಹೆಚ್ಚಾಗಿ ನೆನೆಯುವುದು ಈ ಹಿಂದಿನ ಭವಗಳನ್ನೇ ಎಂಬುದು ಗಮನಿಸತಕ್ಕ ಸಂಗತಿ. ಇಂಥ ಪೂರ್ವಕಥೆಗೆ ಇಂದಿನ ಮಕ್ಕಳು ಇಟ್ಟುಕೊಂಡಿರುವ ಹೆಸರು ‘ಪ್ರೀಕ್ವೆಲ್’. ಅವರು ಅದಕ್ಕಾಗಿ ಕಾಯುವುದು ಓಲೆಗರಿಯಲ್ಲಲ್ಲ, ವಿಡಿಯೋ ಆಟಗಳಲ್ಲಿ.

ಕಲಬುರಗಿಯಲ್ಲಿ ಕೋಣೆ ಹಿಡಿದು ವಿಜ್ಞಾನ ವಿಭಾಗದಲ್ಲಿ ಪಿಯುಸಿ ಓದುವ, ಶನಿವಾರ ಸಂಜೆಯಾದರೆ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರದ ಮನೆಗೆ ಹೋಗುವ ಒಬ್ಬ ಹುಡುಗನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಥವರು ಒಂದು ತರಗತಿಗೆ ಇಬ್ಬರಾದರೂ ಸಿಗುತ್ತಾರೆ. ಭೌತಶಾಸ್ತ್ರದ ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ಇವನು ಚಿತ್ರ ಬರೆಯುತ್ತಾನೆ. ಹೊಲಕ್ಕೆ ಹೋದರೆ ತಂದೆಗೆ ಕೈಗೂಡಿಸುತ್ತಾನೆ. ಉಳಿದ ಹೊತ್ತಿನಲ್ಲಿ ಒಂದು ಆಟಕ್ಕಾಗಿ ಕಾಯುತ್ತಾನೆ. ಅದರ ಹೆಸರು ‘ಮಾರ್ವೆಲ್ 1943: ರೈಸ್ ಆಫ್ ಹೈಡ್ರಾ’. ಅಮೆರಿಕದ ಸ್ಕೈಡಾನ್ಸ್ ನ್ಯೂ ಮೀಡಿಯಾ ಎಂಬ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ‘ಅನ್‌ಚಾರ್ಟೆಡ್’ ಎಂಬ ಸಾಹಸದ ಆಟಗಳಿಂದ ಹೆಸರು ಮಾಡಿದ ಏಮಿ ಹೆನ್ನಿಗ್ ಅದರ ಮುಂದಾಳು. 2024ರ ಮಾರ್ಚಿನಲ್ಲಿ ಅದರ ಕಥೆಯ ತುಣುಕನ್ನು ತೋರಿಸಿದರು. ಜರ್ಮನ್ ಸೈನ್ಯ ಆಕ್ರಮಿಸಿಕೊಂಡಿದ್ದ ಪ್ಯಾರಿಸ್ ನಗರ. ಅಲ್ಲಿಗೆ ಬರುವ ಇಬ್ಬರು ಅತಿಮಾನವರು. ಒಬ್ಬ ಕ್ಯಾಪ್ಟನ್ ಅಮೆರಿಕ. ಇನ್ನೊಬ್ಬ ಅಝೂರಿ, ಅಂದರೆ ಆ ಕಾಲದ ಬ್ಲ್ಯಾಕ್ ಪ್ಯಾಂಥರ್. ಸಿನಿಮಾ ನೋಡಿದವರೆಲ್ಲ ಬಲ್ಲ ಟಿಚಾಲಾ ಎಂಬ ಬ್ಲ್ಯಾಕ್ ಪ್ಯಾಂಥರನಿಗೆ ಈ ಅಝೂರಿ ಅಜ್ಜನಾಗಬೇಕು. ಕಲಬುರಗಿ ಮಾತಿನಲ್ಲಿ ಹೇಳುವುದಾದರೆ ಮುತ್ಯಾ.

ಕಟ್ಟುನಿಟ್ಟಾಗಿ ನೋಡಿದರೆ ಇದು ಇನ್ನೊಂದು ಆಟದ ಪೂರ್ವಕಥೆಯಲ್ಲ, ಒಂದು ಮನೆತನದ ಪೂರ್ವಕಥೆ. ಇಲ್ಲಿ ಒಂದು ಮೋಜಿದೆ. ಕ್ಯಾಪ್ಟನ್ ಅಮೆರಿಕನನ್ನು ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಸೃಷ್ಟಿಸಿದ್ದು ಯುದ್ಧ ನಡೆಯುತ್ತಿದ್ದಾಗಲೇ. ಅವನ ಮೊದಲ ಸಂಚಿಕೆಯ ಮೇಲಿನ ತಾರೀಖು ಮಾರ್ಚ್ 1941. ಆಗ ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಆದರೂ ಮುಖಪುಟದಲ್ಲಿ ಈ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದ. ಬ್ಲ್ಯಾಕ್ ಪ್ಯಾಂಥರ್ ಟಿಚಾಲಾ ಬಂದದ್ದು 1966ರಲ್ಲಿ, ಸ್ಟಾನ್ ಲೀ ಮತ್ತು ಅದೇ ಕರ್ಬಿಯ ಕೈಯಿಂದ. ಅವನ ಅಜ್ಜನನ್ನು ಲೇಖಕರು ಹುಡುಕಿಕೊಂಡದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಅಂದರೆ ಕಾಗದದ ಮೇಲೆ ಮೊಮ್ಮಗ ಮೊದಲು ಹುಟ್ಟಿದ, ಅಜ್ಜ ಆಮೇಲೆ ಹುಟ್ಟಿದ. ಎಲ್ಲ ಪೂರ್ವಕಥೆಗಳ ಅಡಚಣೆಯೂ ಇದೇ. ಅಜ್ಜನನ್ನು ಕಡೆಯುವ ಶಿಲ್ಪಿಯ ಕಣ್ಣು ಪದೇ ಪದೇ ಮೊಮ್ಮಗನ ವಿಗ್ರಹದ ಕಡೆಗೇ ಹೊರಳುತ್ತದೆ.

ಈ ಅಡಚಣೆ ಎಂಥದೆಂದು ತಿಳಿಯಲು ಹಿಂದೆ ಬಂದ ಒಂದು ಆಟವನ್ನು ನೋಡಬಹುದು. ಲಂಡನ್ನಿನ ರಾಕ್‌ಸ್ಟೆಡಿ ಸಂಸ್ಥೆ 2009ರಲ್ಲಿ ‘ಬ್ಯಾಟ್‌ಮನ್: ಆರ್ಖಮ್ ಅಸೈಲಮ್’ ಎಂಬ ಆಟವನ್ನೂ 2011ರಲ್ಲಿ ‘ಆರ್ಖಮ್ ಸಿಟಿ’ಯನ್ನೂ ಹೊರತಂದು ಜಗತ್ತಿನ ಮೆಚ್ಚುಗೆ ಗಳಿಸಿತು. 2013ರ ಅಕ್ಟೋಬರಿನಲ್ಲಿ ಅವುಗಳ ಪೂರ್ವಕಥೆ ‘ಆರ್ಖಮ್ ಒರಿಜಿನ್ಸ್’ ಬಂತು. ಅದನ್ನು ಮಾಡಿದವರು ಬೇರೆಯವರು, ಕೆನಡಾದ ಮಾಂಟ್ರಿಯಲ್‌ನಲ್ಲಿರುವ ವಾರ್ನರ್ ಸಂಸ್ಥೆಯ ಶಾಖೆಯವರು. ಅದರಲ್ಲಿ ಬ್ಯಾಟ್‌ಮನ್ ಇನ್ನೂ ಹೊಸಬ. ಪೊಲೀಸರು ಅವನನ್ನು ನಂಬುವುದಿಲ್ಲ, ಹಿಡಿಯಲು ಬರುತ್ತಾರೆ. ಮುಂದೆ ಅವನ ಆಪ್ತನಾಗುವ ಗಾರ್ಡನ್ ಕೂಡ ಅನುಮಾನದಿಂದಲೇ ನೋಡುತ್ತಾನೆ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅವನ ತಲೆಗೆ 5 ಕೋಟಿ ಡಾಲರ್ ಬೆಲೆ ಕಟ್ಟಿ 8 ಜನ ಹಂತಕರನ್ನು ಛೂ ಬಿಡಲಾಗಿದೆ. ಜೋಕರನನ್ನು ಅವನು ಮೊದಲ ಸಲ ಕಾಣುವುದೂ ಅಂದೇ.

ಜೋಕರ್ ಸಾಯುವುದಿಲ್ಲ, ಗಾರ್ಡನ್ ಸಾಯುವುದಿಲ್ಲ, ಬ್ಯಾಟ್‌ಮನ್ನಂತೂ ಸಾಯುವುದೇ ಇಲ್ಲ. ಇಷ್ಟೆಲ್ಲ ಮೊದಲೇ ಗೊತ್ತಿದ್ದ ಮೇಲೆ ಯಾರಾದರೂ ಆ ಆಟ ಏಕೆ ಆಡಬೇಕು? ನಮ್ಮ ದೊಡ್ಡಾಟದ ಮುಂದೆ ಬೆಳತನಕ ಕುಳಿತವರಿಗೆ ಈ ಪ್ರಶ್ನೆ ಕೇಳಿದರೆ ನಕ್ಕುಬಿಟ್ಟಾರು. ದುರ್ಯೋಧನ ಸೋಲುತ್ತಾನೆಂಬುದು ಅಲ್ಲಿ ಚಹಾ ಮಾರುವ ಹುಡುಗನಿಗೂ ಗೊತ್ತು. ಅವನು ಸೋಲುವ ಬಗೆಯನ್ನು ನೋಡಲು ಜನ ಬಂದಿರುತ್ತಾರೆ. ‘ಒರಿಜಿನ್ಸ್’ ಈ ಮಟ್ಟಿಗೆ ಗೆದ್ದಿತು. ಇಬ್ಬರು ಅಪರಿಚಿತರು ಪರಮ ವೈರಿಗಳಾಗುವ ಮೊದಲ ಗಳಿಗೆಯನ್ನು ಅದು ತೋರಿಸಿತು.

ಎಡವಿದ್ದು ಇನ್ನೊಂದು ಕಡೆ. ಕಥೆಯಲ್ಲಿ ನಾಯಕ ಎಳೆಯವನು, ಅವನ ಬಳಿ ಸಾಧನ ಕಡಿಮೆ ಇರಬೇಕು. ಆದರೆ ಹಣ ಕೊಟ್ಟು ಕೊಂಡ ಆಟಗಾರ ಹಿಂದಿನ ಆಟಕ್ಕಿಂತ ಹೆಚ್ಚಿನದನ್ನೇ ಬಯಸುತ್ತಾನೆ. ಅವನನ್ನು ತೃಪ್ತಿಪಡಿಸಲು ಆಟದ ನಡುವೆ ಬ್ಯಾಟ್‌ಮನ್ನನ ಕೈಗೆ ವಿದ್ಯುತ್ತಿನ ಆಘಾತ ಕೊಡುವ ಕೈಗವಸುಗಳು ಬರುತ್ತವೆ. ಅವನ್ನು ತೊಟ್ಟರೆ ಎಂಥ ಧಾಂಡಿಗನೂ ಎರಡೇಟಿಗೆ ನೆಲಕ್ಕೆ. ಇಂಥ ದಿವ್ಯಾಸ್ತ್ರ ಚಿಕ್ಕವನಿದ್ದಾಗಲೇ ಸಿಕ್ಕಿತ್ತೆಂದರೆ, ವರ್ಷಗಳ ಮೇಲೆ ನಡೆಯುವ ‘ಅಸೈಲಮ್’ ಕಥೆಯಲ್ಲಿ ಅದೆಲ್ಲಿ ಹೋಯಿತು? ಕಮಲಾಪುರದ ಹುಡುಗನ ಗೆಳೆಯರ ಬಳಗದಲ್ಲಿ ಈ ಕೈಗವಸಿನ ಬಗ್ಗೆ ಆಗುವಷ್ಟು ವಾದ ಕ್ರಿಕೆಟ್ಟಿನ ಬಗ್ಗೆಯೂ ಆಗುವುದಿಲ್ಲ. ಅಝೂರಿಯ ಕೈಗೂ ಇಂಥದೊಂದು ಕೈಗವಸು ಬಂದೀತೆಂಬುದೇ ಅವನ ಮುಖ್ಯ ಭಯ.

ಅವನ ಆಸೆಯಾದರೂ ಏನು? ನಾಯಕ ಇನ್ನೂ ಕಲಿಯುತ್ತಿರುವಾಗ ಹೇಗಿದ್ದ ಎಂಬುದನ್ನು ಕಾಣಬೇಕು. ಅವನು ಜಿಗಿದು ತಪ್ಪಬೇಕು, ತಪ್ಪಿದ್ದಕ್ಕೆ ಕಥೆಯಲ್ಲಿ ಬೆಲೆ ತೆರಬೇಕು. ಆಟಗಳಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಸತ್ತರೆ ಹತ್ತು ಹೆಜ್ಜೆ ಹಿಂದಿನಿಂದ ಮತ್ತೆ ಶುರು. ಕಥೆಗೆ ಆ ಸಾವಿನ ಸುದ್ದಿಯೇ ತಿಳಿದಿರುವುದಿಲ್ಲ. ಕ್ಯಾಪ್ಟನ್ ಅಮೆರಿಕ ಮತ್ತು ಅಝೂರಿ ಮೊದಲು ಒಬ್ಬರನ್ನೊಬ್ಬರು ನಂಬದೆ ಆಮೇಲೆ ಅರೆಮನಸ್ಸಿನಿಂದ ಕೈಜೋಡಿಸುತ್ತಾರೆಂದು ತಯಾರಕರು ಹೇಳಿದ್ದಾರೆ. ಆ ಅರೆಮನಸ್ಸು ಪೂರ್ಣ ಮನಸ್ಸಾಗಲು ಆಟದುದ್ದಕ್ಕೂ ಹೊತ್ತು ಹಿಡಿಯಲಿ, ಮೊದಲ ಅಂಕದಲ್ಲೇ ಅಪ್ಪಿಕೊಳ್ಳುವುದು ಬೇಡ ಎಂದು ಹುಡುಗನ ಬಯಕೆ. ಮಾತು ಸಣ್ಣದಾದರೂ ತೂಕದ್ದು. ಪರೀಕ್ಷೆಯ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುವ ಪ್ರಥಮ ಶ್ರೇಣಿಯ ಮುಖಗಳನ್ನು ನೋಡಿ ಬೆಳೆದ ಮಕ್ಕಳಿಗೆ ಕಲಿಕೆಯ ಮಧ್ಯಭಾಗವನ್ನು ತೋರಿಸುವವರು ಕಡಿಮೆ.

ವಿಚಿತ್ರವೆಂದರೆ ಈ ಅಭಿಮಾನಿ ಇಂಥ ಒಂದೂ ಆಟವನ್ನು ತಾನಾಗಿ ಆಡಿಲ್ಲ. ಪ್ಲೇಸ್ಟೇಷನ್ 5 ಯಂತ್ರ 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಹೊಸ ಆಟವೊಂದಕ್ಕೆ ಮತ್ತೆ ಸಾವಿರಗಟ್ಟಲೆ ಹಣ ಬೇಕು. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಹೆಸರಾಂತ ಹಣ್ಣೇನೋ ನಿಜ. ಹಾಗೆಂದು ಅದನ್ನು ಬೆಳೆಯುವವರ ಮನೆಯಲ್ಲಿ ಹಣದ ಗೊನೆ ತೂಗುತ್ತಿರುವುದಿಲ್ಲ. ಬೇರೆ ಯಾರೋ ಆಡಿ ಯೂಟ್ಯೂಬಿಗೆ ಹಾಕಿದ್ದನ್ನು ಈತ ಮೊಬೈಲಿನಲ್ಲಿ ನೋಡುತ್ತಾನೆ. ಹತ್ತು ತಾಸಿನ ಆಟವನ್ನು ಹತ್ತು ರಾತ್ರಿಗೆ ಹಂಚಿಕೊಂಡು ನೋಡುತ್ತಾನೆ. ಗುಂಡಿ ಒತ್ತುವ ಬೆರಳು ಬೇರೆಯವರದು, ಎದೆಬಡಿತ ಇವನದು.

ಇದನ್ನು ಕೇಳಿ ತಂದೆ ನಗಲಿಲ್ಲ. ಅವರೂ ಒಂದು ಕಾಲದಲ್ಲಿ ‘ಸುಧಾ’ ವಾರಪತ್ರಿಕೆಯ ಫ್ಯಾಂಟಮ್ ಚಿತ್ರಕಥೆಗಾಗಿ ವಾರವಿಡೀ ಕಾದವರು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಆ ಮುಸುಕುಧಾರಿಗೆ ಬಲವಾದ ಪೂರ್ವಕಥೆಯಿತ್ತು. 1536ರಲ್ಲಿ ಕಡಲ್ಗಳ್ಳರ ಕೈಯಿಂದ ಪಾರಾಗಿ ಬಂದವನೊಬ್ಬ ತನ್ನ ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಪ್ರತಿಜ್ಞೆ ಮಾಡುತ್ತಾನೆ. ಆತನ ಮಗ, ಮಗನ ಮಗ, ಹೀಗೆ 21 ತಲೆಮಾರು ಅದೇ ಮುಸುಕು ತೊಡುತ್ತದೆ. ಕಾಡಿನ ಜನ ಮಾತ್ರ ಸಾವಿಲ್ಲದ ಒಬ್ಬನೇ ಮನುಷ್ಯನೆಂದು ತಿಳಿಯುತ್ತಾರೆ.

“ನಮ್ಮ ಫ್ಯಾಂಟಮ್‌ಗ ಇಪ್ಪತ್ತು ಮುತ್ಯಾಗೋಳು ಇದ್ರು, ನಿಮ್ಮವಗ ಒಬ್ಬನೇ ಏನು?” ಎಂದು ತಂದೆ ಕೇಳಿದರು.

“ಒಬ್ಬನೇ ಇದ್ರೂ ಅವ್ನ ಕಥಿ ಪೂರಾ ಹೇಳ್ತಾರಪ್ಪಾ. ನಿಮ್ದು ಎರಡ ಪಾನಿನಾಗ ಮುಗೀತಿತ್ತು” ಎಂದ ಮಗ.

ಮನೆಯಲ್ಲಿ ನಿಜವಾದ ಮುತ್ಯಾ ಒಬ್ಬರಿದ್ದಾರೆ. ತೊಂಬತ್ತು ದಾಟಿದ ಜೀವ. ಆಟದ ಹೆಸರಿನಲ್ಲಿರುವ ಇಸವಿ ಅವರ ಕಿವಿಗೆ ಬಿದ್ದದ್ದೇ ಮಾತು ಬೇರೆ ದಾರಿ ಹಿಡಿಯಿತು. ಹುಡುಗನಿಗೆ 1943 ಎಂದರೆ ಪ್ಯಾರಿಸ್, ಟ್ಯಾಂಕು, ಸ್ವಸ್ತಿಕದ ಬಾವುಟ. ಮುತ್ಯಾನಿಗೆ ಅದು ನಿಜಾಮನ ಕಾಲ.

“ಮುತ್ಯಾ, ಆಗ ನೀ ಏನ್ ಮಾಡ್ತಿದ್ದಿ?”

“ಏನ್ ಮಾಡ್ಲಿ? ದನಾ ಕಾಯ್ತಿದ್ದೆ. ಸಾಲಿಗಿ ಹೋದ್ರ ಉರ್ದು, ಮನಿಗಿ ಬಂದ್ರ ಕನ್ನಡ. ರೊಕ್ಕನೂ ಎರಡ ನಮೂನಿ ಇತ್ತು ನೋಡು. ನಮ್ದು ಹಾಲಿ ರೊಕ್ಕ, ಅತ್ಲಾಕಡಿ ಇಂಗ್ರೇಜಿದು ಕಲದಾರ.”

ಕಲಬುರಗಿ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು ಎಂಬುದನ್ನು ಹುಡುಗ ಪಠ್ಯಪುಸ್ತಕದಲ್ಲಿ ಓದಿದ್ದ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಸೇರಿತೆಂಬುದನ್ನು ಎರಡು ಅಂಕದ ಪ್ರಶ್ನೆಗೆಂದು ಬಾಯಿಪಾಠವನ್ನೂ ಮಾಡಿದ್ದ. ಆದರೆ ಸ್ವಂತ ಟಂಕಸಾಲೆಯ ನಾಣ್ಯವಿದ್ದ ರಾಜ್ಯದಲ್ಲಿ ತನ್ನ ಮುತ್ಯಾ ಬೆಲ್ಲ ಕೊಂಡಿದ್ದನೆಂಬುದು ಅವನಿಗೆ ತಿಳಿದಿರಲಿಲ್ಲ. ಸ್ವಾತಂತ್ರ್ಯ ಬಂದು ವರ್ಷ ಕಳೆದರೂ ತಮಗೆ ಬರದ ಆ 13 ತಿಂಗಳ ಬಗ್ಗೆ, ರಜಾಕಾರರ ಹೆಸರು ಕೇಳಿದರೆ ದೀಪ ಆರಿಸುತ್ತಿದ್ದ ರಾತ್ರಿಗಳ ಬಗ್ಗೆ ಮುತ್ಯಾ ಹೇಳುತ್ತ ಹೋದರು. ಆ ಕಥೆಯಲ್ಲಿ ಅತಿಮಾನವರಾರೂ ಬರಲಿಲ್ಲ. ಜೋಳದ ಚೀಲಗಳ ಹಿಂದೆ ಎರಡು ದಿನ ಅಡಗಿ ಕುಳಿತ ಒಬ್ಬ ಸೋದರಮಾವ ಬಂದ, ಅಷ್ಟೆ. ಅವನು ಆಮೇಲೆ ಏನಾದನೆಂದು ಕೇಳಿದ್ದಕ್ಕೆ ಮುತ್ಯಾ ಎಲೆಯಡಿಕೆಯ ಚೀಲ ಬಿಚ್ಚಿದರು, ಉತ್ತರ ಹೇಳಲಿಲ್ಲ.

ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು: “ನಿನ್ನ ಆಟದಾಗಿನ ಮುತ್ಯಾಗ, ಮುಂದ ತನಗೊಬ್ಬ ಹೆಸರುವಾಸಿ ಮೊಮ್ಮಗ ಹುಟ್ತಾನಂತ ಗೊತ್ತದ ಏನು?”

ಗೊತ್ತಿರಬಾರದು. ಅಝೂರಿಗೆ ಟಿಚಾಲಾನ ಸುಳಿವೂ ಇರಬಾರದು. ಅಭಿಮಾನಿಗಳು ಚಪ್ಪಾಳೆ ತಟ್ಟಲೆಂದು ಅವನ ಬಾಯಲ್ಲಿ ಮೊಮ್ಮಗನ ಮಾತುಗಳನ್ನು ಮುಂಚಿತವಾಗಿ ಹಾಕಿದರೆ ಅಜ್ಜ ಬರಿಯ ಗೊಂಬೆಯಾಗುತ್ತಾನೆ. ತಾನೇ ಕೊನೆಯವನೋ ಏನೋ ಎಂಬ ಅಂಜಿಕೆಯಲ್ಲಿ ಅವನು ಹೋರಾಡಲಿ. ಪ್ಯಾರಿಸ್ಸಿನ ಜನರೂ ಹಾಗೆಯೇ ಇರಲಿ. 1944ರ ಆಗಸ್ಟಿನಲ್ಲಿ ತಮ್ಮ ನಗರ ಬಿಡುಗಡೆಯಾಗುತ್ತದೆಂದು 1943ರಲ್ಲಿ ಅವರಿಗೇನು ಗೊತ್ತು? ರೊಟ್ಟಿಗಾಗಿ ಸಾಲು ನಿಂತವರು, ಬಾಗಿಲ ಹಿಂದೆ ಅಡಗಿದವರು, ಹೆದರಿಕೆಗೆ ಶತ್ರುವಿನ ಜೊತೆ ಸೇರಿದವರು ಆಟದೊಳಗೆ ಮಾತನಾಡಬೇಕು. ಇಬ್ಬರು ವೀರರು ಛಾವಣಿಯಿಂದ ಛಾವಣಿಗೆ ಹಾರಲು ಮಾತ್ರ ಊರು ಕಟ್ಟಿದ್ದರೆ ಅದು ರಂಗದ ಪರದೆಯಾದೀತು. ಮುತ್ಯಾ ಮಾತನಾಡಿದ ರಾತ್ರಿಯ ಮೇಲೆ ಹುಡುಗನ ಆಸೆಗಳ ಪಟ್ಟಿಗೆ ಸೇರಿದ ಹೊಸ ಕಲಮು ಇದು.

ಪಾಲಕರಿಗೆ ಇಲ್ಲಿ ಸಹಜವಾಗಿ ಒಂದು ಆತಂಕವುಂಟು. ‘ಆಟ’ ಎಂಬ ಒಂದೇ ಶಬ್ದದ ಕೆಳಗೆ ಈಗ ಬೇರೆ ಬೇರೆ ವಸ್ತುಗಳು ಬಂದು ಕುಳಿತಿವೆ. ಹಣ ಪಣವಿಟ್ಟು ಮೊಬೈಲಿನಲ್ಲಿ ಆಡುವ ಆಟಗಳಿಂದ ಮನೆಗಳು ಹಾಳಾದದ್ದು ಸುಳ್ಳಲ್ಲ. ಅವನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಕಥೆ ಹೇಳುವ ಆಟಕ್ಕೂ ಆ ಜೂಜಿಗೂ ಸಂಬಂಧವಿಲ್ಲ. ಆದರೆ ಹೊತ್ತು ನುಂಗುವುದರಲ್ಲಿ ಇದೂ ಕಡಿಮೆಯದಲ್ಲ. ಆಡುವ ಚಟ ಮಿತಿ ಮೀರಿ ಬದುಕಿನ ಬೇರೆಲ್ಲವನ್ನೂ ಹಿಂದೆ ನೂಕುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿ 2014ರಲ್ಲೇ ಚಿಕಿತ್ಸಾಲಯ ತೆರೆಯಿತು. ಮಗ ಏನು ನೋಡುತ್ತಾನೆಂದು ಹೆದರುವ ಮನೆಗಳಲ್ಲಿ, ಅದರ ಕಥೆ ಏನೆಂದು ಅವನನ್ನೇ ಕೇಳುವವರು ಎಷ್ಟು ಮಂದಿ?

ಇನ್ನು ನೋಟುಪುಸ್ತಕದ ಹಿಂದಿನ ಪುಟಗಳ ವಿಷಯ. ತಾಯಿಗೆ ಮಗ ಡಾಕ್ಟರಾಗಬೇಕು. ತಂದೆ ಎಂಜಿನಿಯರ್ ಆದರೂ ನಡೆದೀತೆಂಬ ಪಕ್ಷದವರು. ಮಗನಿಗೆ ಅತಿಮಾನವರ ಮೈಕಟ್ಟು ಬರೆಯುವ ಕೆಲಸ ಬೇಕು. ‘ಚಿತ್ರ ಬರೆದು ಹೊಟ್ಟೆ ತುಂಬುತ್ತದೆಯೇ?’ ಎಂದು ಕಲಬುರಗಿಯಲ್ಲಿ ಕೇಳುವುದು ಸ್ವಲ್ಪ ತಮಾಷೆಯೇ ಸರಿ. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಪತ್ರಿಕೆಗಳ ಮುಖಪುಟ, ಪುರಾಣಪುರುಷರ ಕ್ಯಾಲೆಂಡರು ಬರೆದು ದೇಶಕ್ಕೆಲ್ಲ ಹೆಸರಾದರು. ಅವರ ದೇವರುಗಳ ತೋಳು, ಎದೆ, ಮುಖದ ಮೇಲೆ ಬೀಳುವ ಬೆಳಕು ಯಾವ ಅತಿಮಾನವನಿಗೂ ಸಾಟಿ. ಅವರು 1993ರಲ್ಲಿ ತೀರಿಕೊಂಡರು. ಅವರ ಹೆಸರಿನ ರಂಗಮಂದಿರದ ಮುಂದೆ ದಿನವೂ ಹಾದುಹೋಗುವ ಎಷ್ಟು ವಿದ್ಯಾರ್ಥಿಗಳಿಗೆ ಅವರು ಚಿತ್ರಕಾರರೆಂದು ಗೊತ್ತೋ!

ಈಗಿನ ಚಿತ್ರಕಾರನ ಮುಂಬಯಿ ಎಂದರೆ ಬೆಂಗಳೂರು. ಅಲ್ಲಿ ಧ್ರುವ ಇಂಟರ‍್ಯಾಕ್ಟಿವ್ ಎಂಬ ಸಂಸ್ಥೆ 1997ರಿಂದ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ಆಕೃತಿ ಸಿದ್ಧಪಡಿಸಿಕೊಡುತ್ತ ಬಂತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ನೀತಿಯೊಂದನ್ನು ಪ್ರಕಟಿಸಿತು. ಹಾಗೆ ಮಾಡಿದ ಮೊದಲ ರಾಜ್ಯ ಇದು. ಆದರೆ ನೀತಿ ಬೆಂಗಳೂರಿನಿಂದ ಹೊರಟು ಬೀದರ್ ರಸ್ತೆಯ ಹಳ್ಳಿಗಳಿಗೆ ಬರುವಷ್ಟರಲ್ಲಿ ಬಸ್ಸಿಗಿಂತ ನಿಧಾನವಾಗುತ್ತದೆ. ಅಲ್ಲಿಯವರೆಗೆ ಹುಡುಗನ ಕೈಯಲ್ಲಿರುವುದು ಪೆನ್ಸಿಲು. ಅಭ್ಯಾಸಕ್ಕೆ ಅದು ಸಾಕು. ಮನುಷ್ಯನ ಮೊಣಕೈ ಹೇಗೆ ಮಡಚುತ್ತದೆಂದು ಬರೆಯಲು ಬಾರದವನಿಗೆ ಕಂಪ್ಯೂಟರ್ ಕೊಟ್ಟರೂ ಬರುವುದಿಲ್ಲ.

ಆಟ ಮೊದಲು 2025ಕ್ಕೆಂದಿತ್ತು. ಆಮೇಲೆ 2026ರ ಆರಂಭಕ್ಕೆ ಹೋಯಿತು. ಸರಿಯಾಗಿ ದ್ವಿತೀಯ ಪಿಯುಸಿ ಪರೀಕ್ಷೆಯ ದಿನಗಳವು. 2025ರ ನವೆಂಬರಿನಲ್ಲಿ ಅದನ್ನೂ ದಾಟಿ ಮುಂದಕ್ಕೆ ಹಾಕಿದರು, ಹೊಸ ತಾರೀಖು ಹೇಳಲಿಲ್ಲ. ಹುಡುಗ ಆ ವಾರ ಸಪ್ಪಗಿದ್ದ. ತಾಯಿ ಮಾತ್ರ ಆ ಶನಿವಾರ ಹೋಳಿಗೆ ಮಾಡಿದ್ದರು. ಕಾರಣ ಕೇಳಿದ್ದಕ್ಕೆ ಹೇಳಲಿಲ್ಲ. ತಂದೆ ಬಾಳೆಯ ಗೊನೆಗೆ ಊರುಗೋಲು ಕಟ್ಟುತ್ತ, “ನಮ್ಮ ಕೆಂಪ ಬಾಳಿಗೇನು ಲಗೂ ಬರ್ತದೇನು? ಒಂದೂವರಿ ವರ್ಷ ಹಿಡೀತದ. ನಡುವ ಕೊಯ್ದ್ರ ಯಾರ್ ತಿಂತಾರ?” ಎಂದರು. ಮಗ ಗೊನೆಯನ್ನು ಎತ್ತಿ ಹಿಡಿದುಕೊಂಡಿದ್ದ. ಅಪ್ಪನ ಮೊಣಕೈ ಮಡಚಿದ ರೀತಿಯನ್ನು ಆ ರಾತ್ರಿ ನೋಟುಪುಸ್ತಕದಲ್ಲಿ ಬರೆದ. ಸರಿಬರಲಿಲ್ಲವೆಂದು ಅಳಿಸಿ ಮತ್ತೆ ಬರೆದ. ಸೋಮವಾರ ರಸಾಯನಶಾಸ್ತ್ರದ ಕಿರುಪರೀಕ್ಷೆ ಇತ್ತು.